ಒಬ್ಬರೇ ಬಂದಿರಾ?

ಮೋಟಾರ್ ಸೈಕಲ್ಲನ್ನೇರಿ ಒಬ್ಬನೇ ಕಾಡು ಬೆಟ್ಟಗಳನ್ನು ಸುತ್ತಿ ಬರಬೇಕು, ರಾತ್ರಿಯಾದಲ್ಲಿ ಡೇರೆ ಹಾಕಿ ಮಲಗಬೇಕು ಎಂಬ ಹಂಬಲ ಪಟ್ಟಣದ ತರುಣರಲ್ಲಿ ಅನೇಕರಿಗೆ ಉಂಟು. ಹಂಬಲಕ್ಕೆ ಖರ್ಚಿಲ್ಲ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ದಿಂಬಿಗೊರಗಿ ಭೂಪಟವನ್ನು ನೋಡುತ್ತ ಅದನ್ನು ವರ್ಷಗಟ್ಟಲೆ ಸಾಕಿಕೊಂಡು ಬರಬಹುದು. ಬೆಂಗಳೂರಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಮೂವತ್ತನಾಲ್ಕು ವಯಸ್ಸಿನ ತರುಣನೊಬ್ಬನು ಹೀಗೆ ಆರು ವರ್ಷ ಸಾಕಿದ್ದನು. 2023ರ ನವೆಂಬರಿನಲ್ಲಿ, ದೀಪಾವಳಿ ಕಳೆದ ಮರುವಾರ, ಅವನು ನಿಜವಾಗಿಯೂ ಹೊರಟೇಬಿಟ್ಟನು. ತನ್ನ ಹೆಸರು ಬೇಡವೆಂದು ಅವನು ಕೇಳಿಕೊಂಡಿರುವುದರಿಂದ ಇಲ್ಲಿ ಅವನು ಬರಿಯ ಸವಾರ.

ಸವಾರನಿಗಿಂತ ಮೊದಲು ಗಾಡಿಯ ವಿಷಯ ಹೇಳುವುದು ನ್ಯಾಯ. ಏಕೆಂದರೆ ವಯಸ್ಸಿನಲ್ಲಿ ಅದೇ ಹಿರಿದು. ಅವನ ತಂದೆಯವರು 1982ರಲ್ಲಿ ಸಾಲ ಮಾಡಿ ಕೊಂಡ ಯೆಜ್ಡಿ ರೋಡ್‌ಕಿಂಗ್ ಅದು. 1960ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಮೊದಲು ಚೆಕೊಸ್ಲೊವಾಕಿಯದ ಜಾವಾ ಹೆಸರಿನಲ್ಲಿಯೇ ಅಲ್ಲಿ ಗಾಡಿಗಳು ತಯಾರಾಗುತ್ತಿದ್ದವು; 1973ರಿಂದೀಚೆಗೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಆ ಎರಡು ಹೆಸರುಗಳೂ ಈಚೆಗೆ ಹೊಸ ಗಾಡಿಗಳ ಮೇಲೆ ಮರಳಿ ಬಂದಿವೆಯಾದರೂ ಅವುಗಳ ಯಂತ್ರವೇ ಬೇರೆ. ಹಳೆಯ ಯೆಜ್ಡಿಯ ಸದ್ದನ್ನು ಕೇಳಿ ಬೆಳೆದವರಿಗೆ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಎರಡು ಹೊಗೆಕೊಳವೆ, ಒಂದೇ ಕೋಲು, ಹಿಂದಕ್ಕೆ ತಿರುಗಿಸಿದರೆ ಕಿಕ್ಕು, ಮುಂದಕ್ಕೆ ತಂದರೆ ಗೇರು. ಪೆಟ್ರೋಲಿನ ಟ್ಯಾಂಕಿಗೆ ಲೀಟರಿಗಿಷ್ಟು ಎಂದು ಎಣ್ಣೆಯನ್ನು ಅಳೆದು ಬೆರೆಸಬೇಕು. ಆ ಎಣ್ಣೆ ಬೆರೆತ ಪೆಟ್ರೋಲೇ ಇಂಜಿನ್ನಿನೊಳಗೆ ಹೋಗಿ ಪಿಸ್ಟನ್ನಿಗೆ ಜಿಡ್ಡನ್ನೂ ಕೊಡತಕ್ಕದ್ದು. ಈ ಕೊನೆಯ ಸಂಗತಿಯನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಂಡಿರಬೇಕು. ಸವಾರನು ಅದನ್ನು ಮರೆತನು.

ತಂದೆಯವರ ಮೊಣಕಾಲು ಕಿಕ್ ಹೊಡೆಯಲು ಒಪ್ಪದಾದ ಮೇಲೆ ಗಾಡಿ ಹದಿನಾಲ್ಕು ವರ್ಷ ಟಾರ್ಪಾಲಿನ ಕೆಳಗೆ ನಿಂತಿದ್ದಿತು. ಮಗನು ಅದನ್ನು ಹೊರಕ್ಕೆಳೆದು ರಿಪೇರಿ ಮಾಡಿಸಿ, ನೋಂದಣಿಯನ್ನು ನವೀಕರಿಸಿ ತಂದಾಗ ಮನೆಯಲ್ಲಿ ಎರಡು ಪಕ್ಷಗಳಾದವು. “ಮದುವೆಯಾದವರು ಹೆಂಡತಿಯನ್ನು ಕರೆದುಕೊಂಡು ಕಾರಿನಲ್ಲಿ ಹೋಗುತ್ತಾರೆ. ನೀನು ಒಬ್ಬನೇ ಆ ಮುದಿ ಗಾಡಿಯಲ್ಲಿ ಕಾಡಿಗೆ ಹೋಗುತ್ತೀಯಲ್ಲೋ, ನಿನಗೇನು ಬಂದಿದೆ?” ಎಂದು ತಾಯಿ ಕೇಳಿದರು. ಮಗನಿಗೆ ಮದುವೆಯಾಗಿಲ್ಲವೆಂಬುದು ಪ್ರಶ್ನೆಯ ಒಳಗೇ ಸೇರಿತ್ತು. ತಂದೆಯವರು ಮಾತ್ರ ಹೆಚ್ಚು ಆಡಲಿಲ್ಲ. ಪ್ಲಗ್ಗು, ಕ್ಲಚ್ ವೈರು, ಎಣ್ಣೆಯ ಅಳತೆಯ ಮುಚ್ಚಳ ಎಲ್ಲವನ್ನೂ ಒಂದು ಬಟ್ಟೆಯ ಚೀಲದಲ್ಲಿ ಕಟ್ಟಿಕೊಟ್ಟು, “ಘಾಟಿ ಇಳಿಯುವಾಗ ಕೈ ಪೂರಾ ಮುಚ್ಚಿಕೊಂಡು ಇಳಿಯಬೇಡ. ಆಗಾಗ ಸ್ವಲ್ಪ ಕೈ ಕೊಡುತ್ತಿರು” ಎಂದರು. ಪ್ರತಿದಿನ ಸಂಜೆ ಏಳು ಗಂಟೆಗೆ ಫೋನು ಮಾಡಬೇಕೆಂಬ ಕರಾರಿನ ಮೇಲೆ ತಾಯಿಯ ಅಪ್ಪಣೆ ದೊರೆಯಿತು.

ಕಾಡಿನಲ್ಲಿ ಜಾಗವಿಲ್ಲ

ಆದರೆ ಡೇರೆ ಹಾಕುವುದೆಲ್ಲಿ? ಸಿನಿಮಾಗಳಲ್ಲಿಯೂ ಜಾಹೀರಾತುಗಳಲ್ಲಿಯೂ ಇದು ಬಹು ಸುಲಭವಾಗಿ ತೋರುತ್ತದೆ. ಹೊಳೆಯ ದಂಡೆ, ಪಕ್ಕದಲ್ಲಿ ಗಾಡಿ, ಮುಂದೆ ಉರಿಯುವ ಬೆಂಕಿ, ಮೇಲೆ ನಕ್ಷತ್ರ. ಸವಾರನ ಮನಸ್ಸಿನಲ್ಲಿದ್ದುದೂ ಇದೇ ಚಿತ್ರ. ಕುದುರೆಮುಖದ ಹುಲ್ಲುಗಾವಲಿನಲ್ಲಿ ಒಂದು ರಾತ್ರಿ, ಆಗುಂಬೆಯ ಕಾಡಿನಂಚಿನಲ್ಲಿ ಒಂದು ರಾತ್ರಿ ಎಂದು ಅವನು ಪಟ್ಟಿ ಮಾಡಿಟ್ಟುಕೊಂಡಿದ್ದನು. ಹೊರಡುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕೆಂಬ ಬುದ್ಧಿ ಬಂದುದು ಅವನ ಪುಣ್ಯ. ಕುದುರೆಮುಖವು 1987ರಿಂದ ರಾಷ್ಟ್ರೀಯ ಉದ್ಯಾನ; ಸುಮಾರು 600 ಚದರ ಕಿಲೋಮೀಟರು. ಅದರ ಮೂಲಕ ಹಾಯುವ ರಸ್ತೆಯಲ್ಲಿ ಹೋಗಬಹುದು. ರಸ್ತೆಯನ್ನು ಬಿಟ್ಟು ಒಳಗೆ ಕಾಲಿಡಬೇಕಾದರೆ ಅನುಮತಿ ಬೇಕು. ವನ್ಯಜೀವಿ ಸಂರಕ್ಷಣೆಯ 1972ರ ಕಾಯಿದೆಯು ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದನ್ನು ನಿಷೇಧಿಸುತ್ತದೆ. ಕಾಯ್ದಿಟ್ಟ ಅರಣ್ಯಗಳಲ್ಲಿಯೂ ಅಪ್ಪಣೆಯಿಲ್ಲದೆ ಹೊಕ್ಕರೆ ಅಪರಾಧವೇ.

ಇದನ್ನು ಕೇಳಿ ಗೊಣಗುವವರು ಬಹಳ. ಆದರೆ ಮಾರ್ಚಿ ತಿಂಗಳಿನಲ್ಲಿ ಒಣಗಿ ನಿಂತ ಆ ಹುಲ್ಲುಬೆಟ್ಟಗಳನ್ನು ನೋಡಿದವರು ಗೊಣಗಲಾರರು. ಆರಿಸದೆ ಬಿಟ್ಟ ಒಲೆಯ ಒಂದು ಕಿಡಿ ಸಾಕು, ಗುಡ್ಡದ ಮೈಗೆ ಮೈಯೇ ಕರಕಾಗುತ್ತದೆ. ಬಂಡೀಪುರವನ್ನು ಹಾಯುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರವನ್ನು ತಡೆದಿರುವುದೂ ಇಂಥದೇ ಕಾರಣಕ್ಕೆ. ಹಗಲು ಮನುಷ್ಯರ ರಸ್ತೆಯಾಗಿರುವುದು ರಾತ್ರಿ ಪ್ರಾಣಿಗಳ ರಸ್ತೆಯಾಗಿದೆ, ವಾಹನಕ್ಕೆ ಸಿಕ್ಕಿ ಸಾಯುವ ಜಿಂಕೆಗೆ ದೂರು ಕೊಡಲು ಕಚೇರಿಯಿಲ್ಲ. ಅಂತೂ ಡೇರೆಯು ಕಾಡಿನಲ್ಲಿ ಏಳುವಂತಿಲ್ಲವೆಂದು ತಿಳಿಯಿತು. ಖಾಸಗಿ ಜಮೀನಿನಲ್ಲಿ, ಒಡೆಯರನ್ನು ಕೇಳಿ, ಹಾಕಬಹುದು. ಕೇಳಬೇಕು ಎಂಬ ಈ ಮಾತೇ ಅವನನ್ನು ಹೆದರಿಸಿತು. ಜನರನ್ನು ಬಿಟ್ಟು ನಾಲ್ಕು ದಿನ ಇರಬೇಕೆಂದು ಹೊರಟವನಿಗೆ ದಿನವೂ ಸಂಜೆ ಯಾರದಾದರೂ ಬಾಗಿಲು ತಟ್ಟುವ ಕೆಲಸ ಗಂಟುಬಿದ್ದಿತು.

ಬೆಳಗಿನ ನಾಲ್ಕೂವರೆಗೆ ಬೆಂಗಳೂರನ್ನು ಬಿಟ್ಟು, ಹಾಸನದಲ್ಲಿ ತಿಂಡಿ ತಿಂದು, ಬೇಲೂರು ಮೂಡಿಗೆರೆಗಳನ್ನು ದಾಟಿದಾಗ ಹಗಲು ಅರ್ಧವಾಗಿತ್ತು. ಆ ದಾರಿಯ ವರ್ಣನೆ ಇಲ್ಲಿ ಅನಾವಶ್ಯಕ. ಹೆದ್ದಾರಿಯೆಂಬುದು ಎಲ್ಲ ಕಡೆಯೂ ಒಂದೇ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಎದ್ದಾಗ ಮಂಜು ಇಳಿಯತೊಡಗಿತ್ತು. ನೇರವಾಗಿ ಹೋದರೆ ಚಾರ್ಮಾಡಿ ಘಾಟಿ, ಕೆಳಗೆ ಕರಾವಳಿ. ಅವನು ಆ ದಾರಿಯನ್ನು ಬಿಟ್ಟು ಕಳಸದ ಕಡೆಗೆ ತಿರುಗಿದನು. ಇಲ್ಲಿಂದ ಮುಂದೆ ರಸ್ತೆ ಕಾಫಿತೋಟಗಳ ನಡುವೆ ಬಳ್ಳಿಯಂತೆ ಹೊರಳುತ್ತದೆ. ಹೇಮಾವತಿ ಹುಟ್ಟುವ ಜಾವಳಿ ಈ ಸೀಮೆಯಲ್ಲಿಯೇ ಇರುವುದು. ಎಡಕ್ಕೆ ಬಾಗಿ, ಬಲಕ್ಕೆ ಬಾಗಿ, ಮೂರನೆಯ ಗೇರಿನಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ. ಗಾಡಿಯ ಸದ್ದು ಮರಗಳಿಗೆ ಬಡಿದು ಹಿಂದಿರುಗಿ ಬರುವಾಗ ಯಾರೋ ಜೊತೆಗೆ ಬರುತ್ತಿರುವಂತೆ ಅವನಿಗೆ ತೋರಿತಂತೆ.

ಅಡಿಕೆ ಚಪ್ಪರದ ಕೆಳಗೆ

ಕಳಸಕ್ಕೆ ಇನ್ನೂ ಕೆಲವು ಮೈಲಿಯಿರುವಾಗ ಹೊತ್ತು ಮುಳುಗುವ ಸೂಚನೆ ಕಂಡಿತು. ರಸ್ತೆಯಿಂದ ಸ್ವಲ್ಪ ಕೆಳಗೆ, ಅಡಿಕೆ ತೋಟದ ತಲೆಯ ಮೇಲೆ, ಹೆಂಚಿನ ದೊಡ್ಡ ಮನೆಯೊಂದು ಕಾಣಿಸಿತು. ಸವಾರನು ಗಾಡಿಯನ್ನು ಮೇಲೆಯೇ ನಿಲ್ಲಿಸಿ, ಎರಡು ಸಲ ಹಿಂದೆಗೆದು, ಮೂರನೆಯ ಸಲ ಇಳಿದನು. ಜಗಲಿಯ ಮೇಲೆ ಎಪ್ಪತ್ತು ದಾಟಿದ ಯಜಮಾನರು ಕುಳಿತಿದ್ದರು.

“ಎಲ್ಲಿಂದ ಬಂದದ್ದು?”

“ಬೆಂಗಳೂರಿನಿಂದ. ಈ ರಾತ್ರಿ ನಿಮ್ಮ ಅಂಗಳದಲ್ಲಿ ಒಂದು ಡೇರೆ ಹಾಕಿಕೊಂಡು ಮಲಗಬಹುದೇ ಎಂದು ಕೇಳುವುದಕ್ಕೆ ಬಂದೆ.”

“ಎಷ್ಟು ಜನ?”

“ನಾನೊಬ್ಬನೇ.”

ಯಜಮಾನರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಒಬ್ಬರೇ ಬಂದಿರಾ? ಮನೆಯಲ್ಲಿ ಜಗಳ ಗಿಗಳ ಏನೂ ಇಲ್ಲವಷ್ಟೆ?”

ನಮ್ಮ ಜನರ ದೃಷ್ಟಿಯಲ್ಲಿ ಒಂಟಿತನವೆಂಬುದು ಯಾರೂ ಬಯಸಿ ಪಡೆಯತಕ್ಕ ವಸ್ತುವಲ್ಲ. ಜಾತ್ರೆಗೆ ಹೋದರೆ ಹಿಂಡಾಗಿ ಹೋಗುತ್ತೇವೆ. ಆಸ್ಪತ್ರೆಗೆ ಹೋದರೂ ಹಿಂಡಾಗಿಯೇ. ಒಬ್ಬನೇ ಹೊರಟನೆಂದರೆ ಸನ್ಯಾಸಿಯಾಗಿರಬೇಕು, ಇಲ್ಲವೇ ಸಂಕಟದಲ್ಲಿರಬೇಕು. ಸನ್ಯಾಸಿಯ ಲಕ್ಷಣ ಇವನಲ್ಲಿ ಕಾಣಲಿಲ್ಲವಾದ್ದರಿಂದ ಯಜಮಾನರ ಸಂಶಯ ಸಹಜವಾದದ್ದೇ. “ಮೊದಲು ಮನೆಗೆ ಫೋನು ಮಾಡಿ. ಇಲ್ಲಿ ನಿಮ್ಮ ಮೊಬೈಲು ಹಿಡಿಯುವುದಿಲ್ಲ, ನಮ್ಮ ವೈಫೈ ಉಂಟು” ಎಂದರು. ಫೋನು ಸವಾರನ ಕೈಯಿಂದ ಯಜಮಾನರ ಕೈಗೂ, ಅಲ್ಲಿಂದ ಅವರ ಮನೆಯವರ ಕೈಗೂ ಹೋಯಿತು. ಬೆಂಗಳೂರಿನ ತಾಯಿಯೂ ಕಳಸದ ಸೀಮೆಯ ತಾಯಿಯೂ ಇಪ್ಪತ್ತು ನಿಮಿಷ ಮಾತನಾಡಿದರು. ಗಂಡಸರಿಬ್ಬರೂ ಅಷ್ಟು ಹೊತ್ತೂ ಗಾಡಿಯನ್ನು ಅಂಗಳಕ್ಕೆ ಇಳಿಸುವ ಉಪಾಯ ಯೋಚಿಸುತ್ತ ನಿಂತಿದ್ದರು.

ಅಂಗಳದಲ್ಲಿ ಜಾಗವಿರಲಿಲ್ಲ. ಅಡಿಕೆ ಕೊಯ್ಲಿನ ಕಾಲ. ಅಂಗಳದ ಮೇಲೆ ಎತ್ತರದ ಅಟ್ಟಣೆಯಂತೆ ಕಟ್ಟಿದ ಚಪ್ಪರದ ಮೇಲೆ ಬೇಯಿಸಿದ ಅಡಿಕೆ ಒಣಗುತ್ತಿತ್ತು. ಚಪ್ಪರದ ಕೆಳಗೆ ಒಂದು ಮೂಲೆಯಲ್ಲಿ ಡೇರೆ ಎದ್ದಿತು. ಬೆಂಗಳೂರಿನ ಅಂಗಡಿಯಲ್ಲಿ ನಾಲ್ಕು ನಿಮಿಷದಲ್ಲಿ ನಿಲ್ಲುವುದೆಂದು ತೋರಿಸಿದ ಆ ಡೇರೆಗೆ ಇಲ್ಲಿ ನಲವತ್ತು ನಿಮಿಷ ಹಿಡಿಯಿತು. ಮನೆಯ ಕೆಲಸದ ಆಳೊಬ್ಬನು ನೋಡಿ ನೋಡಿ ಸಾಕಾಗಿ ಬಂದು, ಕೋಲನ್ನು ಕಸಿದುಕೊಂಡು ತಾನೇ ನಿಲ್ಲಿಸಿದನು.

ಊಟಕ್ಕೆ ಅನ್ನ, ಒಂದೆಲಗದ ತಂಬುಳಿ, ಅಪ್ಪೆಮಿಡಿ. ಊಟವಾದ ಮೇಲೆ ಮಲಗಬೇಕೆಂದಿದ್ದವನು ಹನ್ನೊಂದರವರೆಗೂ ಮಲಗಲಿಲ್ಲ. ಮಲೆನಾಡಿನಲ್ಲಿ ಕೊಯ್ಲಿನ ಕಾಲದ ರಾತ್ರಿಗಳು ಸುಲಿಯುವುದಕ್ಕೆ ಇರತಕ್ಕವು. ದೀಪದ ಬೆಳಕಿನಲ್ಲಿ ಎಂಟು ಹತ್ತು ಜನ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಹಸಿ ಅಡಿಕೆಯ ಸಿಪ್ಪೆ ತೆಗೆಯುತ್ತಾರೆ. ಸುಲಿದದ್ದನ್ನು ಮರುದಿನ ತಾಮ್ರದ ಹಂಡೆಯಲ್ಲಿ ಚೊಗರಿನೊಡನೆ ಬೇಯಿಸಿ ಚಪ್ಪರಕ್ಕೆ ಏರಿಸಬೇಕು. ಸವಾರನೂ ಒಂದು ಮೆಟ್ಟುಗತ್ತಿಯ ಮುಂದೆ ಕುಳಿತನು. ಪಕ್ಕದ ಹೆಂಗಸು ಒಂದು ಬುಟ್ಟಿ ಮುಗಿಸುವಷ್ಟರಲ್ಲಿ ಅವನು ಇಪ್ಪತ್ತಮೂರು ಅಡಿಕೆ ಸುಲಿದನು, ಎಣಿಸಿದವರು ಮಕ್ಕಳು.

ಯಜಮಾನರು ತೋಟದ ಸಂಗತಿ ಹೇಳಿದರು. ಆ ಭಾಗದ ತೋಟಗಳಿಗೆಲ್ಲ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಬಿದ್ದಿದೆ. ಗರಿಯ ಮೇಲೆ ಕಂದು ಚುಕ್ಕೆ ಕಾಣಿಸಿಕೊಂಡು, ಚುಕ್ಕೆ ಕೂಡಿ ಗರಿಯೇ ಒಣಗುತ್ತದೆ. ಗರಿ ಹೋದ ಮರ ಫಲವೆಲ್ಲಿಂದ ಕೊಟ್ಟೀತು? ಔಷಧಿ ಹೊಡೆಯಲು ಅಷ್ಟೆತ್ತರಕ್ಕೆ ಹತ್ತುವ ಜನ ಸಿಗುವುದಿಲ್ಲ. ಅವರ ಇಬ್ಬರು ಗಂಡುಮಕ್ಕಳೂ ಬೆಂಗಳೂರಿನಲ್ಲಿ. ಮಳೆಗಾಲದ ನಾಲ್ಕು ತಿಂಗಳು ಆ ಹದಿನಾರು ಅಂಕಣದ ಮನೆಯಲ್ಲಿ ಗಂಡ ಹೆಂಡಿರಿಬ್ಬರೇ. ಇದನ್ನು ಅವರು ದೂರಿನಂತೆ ಹೇಳಲಿಲ್ಲ. ಮಳೆಯ ಲೆಕ್ಕ ಹೇಳುವಂತೆ ಹೇಳಿದರು. ಸವಾರನು ಅಡಿಕೆಯನ್ನು ಕತ್ತಿಗೆ ಒತ್ತುತ್ತ ಕೇಳಿದನು. ಮೂರು ಗಂಟೆಯ ಹಿಂದೆ ಅವರು ತನ್ನನ್ನು ಕೇಳಿದ ಪ್ರಶ್ನೆ ಅವನ ನೆನಪಿಗೆ ಬಾರದೆ ಇರಲಿಲ್ಲ.

ಕೆರೆಕಟ್ಟೆಯ ಮೇಲಿನ ಅರ್ಧ ಗಂಟೆ

ಮರುದಿನ ಕಳಸದಲ್ಲಿ ಕಳಸೇಶ್ವರನ ದರ್ಶನ ಮಾಡಿ, ಸಂಸೆಯನ್ನು ದಾಟಿ ಕುದುರೆಮುಖ ಪಟ್ಟಣಕ್ಕೆ ಬಂದನು. ಪಟ್ಟಣವೆನ್ನುವುದು ಹಳೆಯ ಅಭ್ಯಾಸದಿಂದ. ಕಬ್ಬಿಣದ ಅದಿರಿನ ಕಂಪೆನಿ 1976ರಲ್ಲಿ ಇಲ್ಲಿ ಬೀಡುಬಿಟ್ಟು, ಬೆಟ್ಟವನ್ನು ಅಗೆದು, ಅದಿರನ್ನು ನೀರಿನಲ್ಲಿ ಕಲಸಿ, ಕೊಳವೆಯ ಮೂಲಕ ಘಟ್ಟದ ಕೆಳಗೆ ಮಂಗಳೂರಿನವರೆಗೂ ಹರಿಸುತ್ತಿತ್ತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಸಾವಿರಾರು ಜನ ವಾಸಿಸುತ್ತಿದ್ದ ಮನೆಗಳ ಸಾಲುಗಳಲ್ಲಿ ಈಗ ಹೆಚ್ಚಿನವಕ್ಕೆ ಬೀಗವೂ ಬೇಕಾಗಿಲ್ಲ. ಬಳ್ಳಿಗಳೇ ಬಾಗಿಲನ್ನು ಕಟ್ಟಿವೆ. ಹಿಂದೆ ಹುಲ್ಲು ಹೊದ್ದ ಬೆಟ್ಟಗಳು ಅಲೆಯ ಮೇಲೆ ಅಲೆಯಾಗಿ ಎದ್ದು ನಿಂತಿರುತ್ತವೆ. ಅವುಗಳ ಮಡಿಲಿನಲ್ಲಿ ಮಾತ್ರ ಶೋಲಾ ಕಾಡು, ಅಂಗೈಯಲ್ಲಿ ಹಿಡಿದ ಎಲೆಯಂತೆ.

ತನಿಖೆಯ ಠಾಣೆಯಲ್ಲಿ ಗಾಡಿಯ ನಂಬರನ್ನೂ ಒಳಹೊಕ್ಕ ವೇಳೆಯನ್ನೂ ಬರೆದ ಚೀಟಿ ಕೊಟ್ಟರು. ನಡುವೆ ಎಲ್ಲಿಯೂ ನಿಲ್ಲದೆ ಆಚೆಯ ಠಾಣೆಯಲ್ಲಿ ಅದನ್ನು ಒಪ್ಪಿಸಬೇಕು. ಎಸ್.ಕೆ. ಬಾರ್ಡರ್ ಎಂದು ಈಗಲೂ ಕರೆಯುವ, ಹಿಂದಿನ ದಕ್ಷಿಣ ಕನ್ನಡದ ಗಡಿಯಲ್ಲಿ ದಾರಿ ಎರಡಾಗುತ್ತದೆ. ಒಂದು ಮಾಳ ಘಾಟಿಯಿಂದ ಕಾರ್ಕಳಕ್ಕೆ, ಇನ್ನೊಂದು ಕೆರೆಕಟ್ಟೆಯ ಮೇಲೆ ಶೃಂಗೇರಿಗೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಈ ಕಾಡಿನೊಳಗೇ ಇದೆ. ಸವಾರನು ಶೃಂಗೇರಿಯ ದಾರಿ ಹಿಡಿದನು.

ಆ ದಾರಿ ಇಳಿಯುತ್ತ ಹೋಗುತ್ತದೆ. ಬೆಳಕು ಎಲೆಗಳ ಸಂದಿಯಿಂದ ತುಂಡು ತುಂಡಾಗಿ ಬೀಳುತ್ತಿತ್ತು, ಮೈಗೆ ತಂಪು ಗಾಳಿ, ಎದುರಿಗೆ ಯಾರೂ ಇಲ್ಲ. ಇಂಥ ಸುಖದಲ್ಲಿ ಯಾರು ತಂದೆಯ ಮಾತನ್ನು ನೆನೆಯುತ್ತಾರೆ? ಸವಾರನು ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ, ಗಾಡಿಯನ್ನು ಗೇರಿನಲ್ಲಿಯೇ ಬಿಟ್ಟು, ಇಂಜಿನ್ನಿನ ಹಿಡಿತದಲ್ಲಿ ಸದ್ದಿಲ್ಲದೆ ಇಳಿಸಿದನು. ಎರಡು ಕಿಲೋಮೀಟರು, ಮೂರು ಕಿಲೋಮೀಟರು. ಆಕ್ಸಿಲರೇಟರ್ ಮುಚ್ಚಿದರೆ ಪೆಟ್ರೋಲು ಒಳಗೆ ಹೋಗುವುದಿಲ್ಲ. ಪೆಟ್ರೋಲು ಹೋಗದಿದ್ದರೆ ಅದರಲ್ಲಿ ಬೆರೆತ ಎಣ್ಣೆಯೂ ಹೋಗುವುದಿಲ್ಲ. ಚಕ್ರ ಮಾತ್ರ ಇಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ. ಪಿಸ್ಟನ್ನು ಒಣಗಂಟಲಿನಲ್ಲಿ ಓಡುತ್ತದೆ, ಕಾಯುತ್ತದೆ, ಹಿಗ್ಗುತ್ತದೆ, ಕೊನೆಗೆ ಸಿಲಿಂಡರಿನ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ. ಒಂದು ತಿರುವಿನಲ್ಲಿ ಹಿಂದಿನ ಚಕ್ರ ಒಮ್ಮೆಗೇ ನಿಂತು ಗಾಡಿ ಅಡ್ಡಡ್ಡ ಜಾರಿತು. ಬೆರಳುಗಳು ತಾವಾಗಿಯೇ ಕ್ಲಚ್ಚನ್ನು ಅಮುಕಿದ್ದರಿಂದ ಚಕ್ರ ಬಿಟ್ಟಿತು. ಕಂದರದ ಕಡೆಗೆ ಇನ್ನು ನಾಲ್ಕು ಅಡಿಯಿರುವಾಗ ಗಾಡಿ ನಿಂತಿತು.

ಮೊದಲು ಕೈ ನಡುಗಿತು. ಆಮೇಲೆ ಕಾಲು. ಅವನು ಗಾಡಿಯನ್ನು ತಳ್ಳಿ ಮೋರಿಯ ಕಟ್ಟೆಗೆ ಒರಗಿಸಿ, ಪ್ಲಗ್ಗನ್ನು ಬಿಚ್ಚಿ, ಆ ತೂತಿನಿಂದ ಒಂದು ಮುಚ್ಚಳ ಎಣ್ಣೆ ಹೊಯ್ದನು. ಇನ್ನು ಇಂಜಿನ್ನು ಆರುವವರೆಗೆ ಕಾಯುವುದೊಂದೇ ಕೆಲಸ. ಮೊಬೈಲಿನಲ್ಲಿ ಒಂದು ಗೆರೆಯೂ ಇಲ್ಲ. ಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕಿದನು. ಕಳಸದ ಯಜಮಾನರ ಎಣಿಕೆಯಂತೆ ತಾನು ಇಷ್ಟು ಹೊತ್ತಿಗೆ ಶೃಂಗೇರಿಯಲ್ಲಿರಬೇಕು. ತಾಯಿಯ ಎಣಿಕೆಯಂತೆ ಸಂಜೆ ಏಳರವರೆಗೆ ಚಿಂತೆಯಿಲ್ಲ. ತಾನು ಈಗ ಎಲ್ಲಿರುವೆನೆಂಬುದನ್ನು ಬಲ್ಲ ಮನುಷ್ಯನು ಭೂಮಿಯ ಮೇಲೆ ಒಬ್ಬನೂ ಇಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಇದು ಮೊದಲನೆಯ ಸಲ.

ಆರು ವರ್ಷ ಭೂಪಟದ ಮೇಲೆ ಹುಡುಕಿದ್ದು ಇದನ್ನೇ. ಸಿಕ್ಕಿದಾಗ ಅದು ಭಯದ ರೂಪದಲ್ಲಿ ಸಿಕ್ಕಿತು. ಇಂಜಿನ್ನಿನ ರೆಕ್ಕೆಗಳು ಆರುತ್ತ ಟಿಕ್ ಟಿಕ್ ಎನ್ನುತ್ತಿದ್ದವು; ಆ ಸದ್ದೂ ನಿಂತ ಮೇಲೆ ಕಾಡಿನ ಸದ್ದು ಮೆಲ್ಲನೆ ಕೇಳತೊಡಗಿತು. ಕೆಳಗೆ ಎಲ್ಲೋ ನೀರು. ಮನುಷ್ಯನ ಶಿಳ್ಳೆಯಂಥ ಸಿಳ್ಳಾರದ ದನಿ, ರಾಗ ಮರೆತವನು ಮತ್ತೆ ಮತ್ತೆ ಮೊದಲಿನಿಂದ ಹಾಡುವಂತೆ. ತಲೆಯ ಮೇಲೆ ಮಂಗಟ್ಟೆಯೊಂದು ಹಾರಿದಾಗ ಅದರ ರೆಕ್ಕೆಯ ಬೀಸು ಯಾರೋ ತಿದಿ ಒತ್ತಿದಂತೆ ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ನೂರು ಗಜ ಮುಂದೆ ಕಾಟಿಯೊಂದು ರಸ್ತೆಗೆ ಇಳಿದು ನಿಂತು, ಅವನ ಕಡೆ ಮುಖವೆತ್ತಿ ನೋಡಿತು. ಅವನು ಉಸಿರು ಬಿಗಿಹಿಡಿದನು. ಅದಕ್ಕೆ ಅವನಲ್ಲಿ ಏನೂ ವಿಶೇಷ ಕಾಣಿಸಿರಲಾರದು; ಮೊಣಕಾಲಿನವರೆಗಿನ ಬಿಳಿಯ ಕಾಲುಚೀಲಗಳನ್ನು ಎತ್ತಿ ಇಡುತ್ತ ಆಚೆಯ ಕಾಡಿಗೆ ಹತ್ತಿಹೋಯಿತು. ಭಯ ಯಾವಾಗ ಇಳಿಯಿತೆಂದು ಅವನಿಗೆ ತಿಳಿಯದು. ಗಡಿಯಾರ ನೋಡಿದಾಗ ಮೂವತ್ತೈದು ನಿಮಿಷ ಕಳೆದಿತ್ತು. ಇನ್ನೂ ಸ್ವಲ್ಪ ಹೊತ್ತು ಇಂಜಿನ್ನು ಬಿಸಿಯಾಗಿಯೇ ಇರಲಿ ಎಂದು ತನಗೆ ಅನ್ನಿಸಿತೆಂಬುದನ್ನು ಅವನು ಹೇಳುವಾಗ ಸ್ವಲ್ಪ ನಾಚಿಕೊಳ್ಳುತ್ತಾನೆ.

ಅಷ್ಟರಲ್ಲಿ ಕೆಳಗಿನಿಂದ ಬೈಕಿನಲ್ಲಿ ಅರಣ್ಯ ಇಲಾಖೆಯ ವಾಚರ್ ಬಂದನು.

“ಏನ್ ಸಾರ್, ಇಲ್ಲಿ ಗಾಡಿ ನಿಲ್ಸಂಗಿಲ್ಲ. ಬೋರ್ಡ್ ನೋಡ್ಲಿಲ್ವ?”

“ಇಂಜಿನ್ ಹಿಡಿದುಕೊಂಡುಬಿಟ್ಟಿದೆ.”

ವಾಚರ್ ಸುತ್ತ ನೋಡಿದನು. “ಒಬ್ರೇ ಬಂದಿರಾ?” ಚೀಟಿಯನ್ನು ಕೇಳಿ ವೇಳೆಯನ್ನು ಓದಿ ತಲೆಯಾಡಿಸಿದನು. ಬಯ್ಯುವುದನ್ನು ಬಯ್ದು ಮುಗಿಸಿ, ಬಗ್ಗಿ ಕೈಯಿಂದ ಇಂಜಿನ್ನನ್ನು ಮುಟ್ಟಿ, “ಈಗ ಒದೀರಿ” ಎಂದನು. ಮೂರನೆಯ ಕಿಕ್ಕಿಗೆ ಪಿಸ್ಟನ್ನು ಬಿಟ್ಟಿತು. ಏಳನೆಯದಕ್ಕೆ ಗಾಡಿ ಎದ್ದಿತು, ನೀಲಿ ಹೊಗೆಯ ಮೋಡವನ್ನೆಬ್ಬಿಸಿ. ವಾಚರ್ ಕೆಮ್ಮುತ್ತ, “ನಮ್ಮ ದೊಡ್ಡಪ್ಪನತ್ರ ಇತ್ತು ಸಾರ್ ಇದೇ ಗಾಡಿ” ಎಂದನು. ಠಾಣೆಯವರೆಗೂ ಹಿಂದೆ ಹಿಂದೆಯೇ ಬಂದು, ತಡವಾದುದಕ್ಕೆ ತಾನೇ ಸಾಕ್ಷಿ ಹೇಳಿದನು.

ಆ ರಾತ್ರಿ ಡೇರೆಯ ಮಾತೇ ಇರಲಿಲ್ಲ. ಸವಾರನಿಗೆ ಗೋಡೆ ಬೇಕಾಗಿತ್ತು. ಆದರೆ ಮುಂದಿನ ಊರಿನ ವಸತಿಗೃಹಗಳಲ್ಲಿ ಎರಡು, ಒಂಟಿ ಜನಕ್ಕೆ ರೂಮು ಇಲ್ಲವೆಂದು ಹೇಳಿಬಿಟ್ಟವು. ಇದು ಅಲ್ಲಿಯದೊಂದೇ ಕಥೆಯಲ್ಲ. ಒಬ್ಬನೇ ಬಂದವನು ಬೆಳಿಗ್ಗೆ ಬಾಗಿಲು ತೆರೆಯದಿದ್ದರೆ ಪೊಲೀಸರ ಮುಂದೆ ಉತ್ತರ ಹೇಳಬೇಕಾದವನು ಗುಮಾಸ್ತನೇ ತಾನೆ? ಮೂರನೆಯ ಕಡೆಯ ಗುಮಾಸ್ತನು ಮನೆಯ ನಂಬರು ಕೇಳಿ, ತಾನೇ ಫೋನು ಹಚ್ಚಿ, “ಅಮ್ಮಾ, ನಿಮ್ಮ ಮಗ ಇಲ್ಲಿದ್ದಾರೆ. ಮನೆಯಲ್ಲಿ ಏನೂ ತೊಂದರೆ ಇಲ್ಲವಲ್ಲ?” ಎಂದನು. ತಾಯಿ ಕೊಟ್ಟ ಉತ್ತರ ದೀರ್ಘವಾಗಿ ನಡೆಯಿತು. ಗುಮಾಸ್ತನು ಫೋನು ಇಟ್ಟು ಬೀಗದ ಕೈಯನ್ನು ಕೊಡುತ್ತ, “ಮದುವೆ ಮಾಡಿಕೊಳ್ಳಿ ಸಾರ್” ಎಂದನು.

ಮೂರನೆಯ ದಿನ ಆಗುಂಬೆ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಕಾಣುವ ಊರು. ಅಂದು ಬೆಳಿಗ್ಗೆ ಎಳೆಬಿಸಿಲಿನಲ್ಲಿ ಮೈ ಒಣಗಿಸಿಕೊಳ್ಳುತ್ತಿತ್ತು. ಘಾಟಿಯನ್ನು ಇಳಿಯುವ ಆಸೆಯನ್ನು ಸವಾರನು ಅದುಮಿಕೊಂಡನು. ಹದಿನಾಲ್ಕು ತಿರುವುಗಳನ್ನು ಮೇಲಿನಿಂದಲೇ ನೋಡಿ ಕೈಮುಗಿದು ತೀರ್ಥಹಳ್ಳಿಯ ಕಡೆ ಹೊರಟನು. ಸಂಜೆ ಯಾವ ಬಾಗಿಲು ತಟ್ಟಲಿ ಎಂಬ ಯೋಚನೆ ಅವನಿಗೆ ಇರಲಿಲ್ಲ, ಏಕೆಂದರೆ ಅದನ್ನು ಬೇರೆಯವರು ಆಗಲೇ ಯೋಚಿಸಿ ಮುಗಿಸಿದ್ದರು. ಕಳಸದ ಯಜಮಾನರ ತಂಗಿಯನ್ನು ಕೊಟ್ಟ ಮನೆ ತೀರ್ಥಹಳ್ಳಿಯ ಹತ್ತಿರ. ಕಳಸದಿಂದ ಅಲ್ಲಿಗೆ, ಅಲ್ಲಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಕಳಸಕ್ಕೆ ಫೋನುಗಳು ಓಡಾಡಿ, ರಸ್ತೆ ತಿರುಗುವಲ್ಲಿ ಟಾರ್ಚು ಹಿಡಿದ ಹುಡುಗನೊಬ್ಬ ಕಾದು ನಿಂತಿದ್ದನು. ಬಚ್ಚಲಿನ ಹಂಡೆಯಲ್ಲಿ ನೀರು ಕುದಿಯುತ್ತಿತ್ತು.

ಡೇರೆಯನ್ನು ಅವನು ಹಟ ಹಿಡಿದು ಅಂಗಳದಲ್ಲಿಯೇ ಹಾಕಿದನು. ರಾತ್ರಿ ಒಂದು ಗಂಟೆಗೆ ಕಾಲವಲ್ಲದ ಕಾಲದಲ್ಲಿ ಮಳೆ ಸುರಿಯಿತು. ಮನೆಯೊಡತಿ ಜಗಲಿಯಿಂದ ಲಾಟೀನು ತೋರಿಸುತ್ತ, “ಸಾಕು ಬಾರಪ್ಪ, ಹಟ ಮಾಡಬೇಡ” ಎಂದು ಮಗನನ್ನು ಕರೆಯುವಂತೆ ಕರೆದರು. ಅವನು ಕಂಬಳಿ ಹೊದ್ದು ಜಗಲಿಯ ಮೇಲೆ ಮಲಗಿದನು. ಖಾಲಿ ಡೇರೆ ಬೆಳಗಿನವರೆಗೆ ಮಳೆಯಲ್ಲಿ ತೋಯಿತು.

ನಾಲ್ಕನೆಯ ದಿನ ಶಿವಮೊಗ್ಗದ ಮೇಲೆ ಬೆಂಗಳೂರು. ಮರುದಿನ ತಾಯಿ ಡೇರೆಯನ್ನು ಮಹಡಿಯ ಮೇಲೆ ಹರವಿದಾಗ ಒಳಗಿನಿಂದ ಒಂದು ಹಿಡಿ ಅಡಿಕೆ ಸಿಪ್ಪೆಯೂ ಜೀವಂತವಾದ ಒಂದು ಇಂಬಳವೂ ಹೊರಬಿದ್ದವು. ಇಂಬಳಕ್ಕೆ ಉಪ್ಪು ಹಾಕಿ, ಆ ಸಂಗತಿಯನ್ನು ಕೂಡಲೇ ಕಳಸಕ್ಕೆ ಫೋನು ಮಾಡಿ ತಿಳಿಸಿದರು. ಆ ಫೋನಿನ ಓಡಾಟ ಇಂದಿಗೂ ನಿಂತಿಲ್ಲ. ಸವಾರನ ವಿಷಯ ಅದರಲ್ಲಿ ಈಗ ಅಷ್ಟಾಗಿ ಬರುವುದಿಲ್ಲವಂತೆ.

ಒಂದು ವಾರ ಬಿಟ್ಟು ಮೆಕಾನಿಕ್ಕನು ಇಂಜಿನ್ನನ್ನು ಬಿಚ್ಚಿದನು. ಪಿಸ್ಟನ್ನಿನ ಒಂದು ಮಗ್ಗುಲಿನಲ್ಲಿ ಉಗುರಿನಿಂದ ಗೀರಿದಂತೆ ಉದ್ದನೆಯ ಗಾಯಗಳು. ತಂದೆಯವರು ಅದನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸವರಿ ನೋಡಿದರು. ಮಗನು ಬಯ್ಗುಳಕ್ಕೆ ಸಿದ್ಧನಾಗಿ ನಿಂತನು.

“ಎಲ್ಲಿ?” ಎಂದು ಮಾತ್ರ ಕೇಳಿದರು.

“ಎಸ್.ಕೆ. ಬಾರ್ಡರಿನಿಂದ ಕೆಳಗೆ, ಕೆರೆಕಟ್ಟೆಗಿಂತ ಮೊದಲು.”

ತಂದೆಯವರು ಕನ್ನಡಕ ತರಿಸಿಕೊಂಡು, ಭೂಪಟವನ್ನು ಬಿಡಿಸಿ, ಆ ಜಾಗವನ್ನು ಬಹಳ ಹೊತ್ತು ನೋಡಿದರು. ಗಾಡಿಗೆ ಹೊಸ ಪಿಸ್ಟನ್ನು ಬಂದಿದೆ. ಹಳೆಯದು ಅವರ ಮೇಜಿನ ಮೇಲೆ, ಫ್ಯಾನಿನ ಗಾಳಿಗೆ ಪತ್ರಿಕೆಯ ಹಾಳೆಗಳು ಹಾರದಂತೆ ಕುಳಿತಿದೆ.